ಗರುಡ, ಕೆಂಚಿ ಮತ್ತು ತೆಂಕಣದ ದಾರಿ

ಮಾಗಿಯೆಂದರೆ ನಮ್ಮ ಅಕ್ಕಲಕೋಟ ಸೀಮೆಯಲ್ಲಿ ಬಿಳಿಜೋಳದ ತೆನೆ ಹಾಲುಗಟ್ಟುವ ಕಾಲ, ಹೊಲದಲ್ಲಿ ಕುಳಿತು ಬಿಸಿ ಸೀತನಿ ತಿನ್ನುವ ಕಾಲ. ತಂದೆಯವರಿಗೆ ಮಾತ್ರ ಕಳೆದ ಮೂರು ವರ್ಷಗಳಿಂದ ಅದು ಉಬ್ಬಸದ ಕಾಲ. ಚಳಿ ಮುಗಿಯುವವರೆಗೆ ಬೆಚ್ಚಗಿನ ಊರಿನಲ್ಲಿರುವುದು ಒಳ್ಳೆಯದೆಂದು ಈ ಸಲ ವೈದ್ಯರು ಹೇಳಿದರು. ತಂಗಿ ಇರುವುದು ಕಾಸರಗೋಡಿನಲ್ಲಿ. ಅವಳ ಗಂಡ ಅಲ್ಲಿಯ ಕನ್ನಡ ಶಾಲೆಯೊಂದರ ಶಿಕ್ಷಕ. ಕಡಲ ದಂಡೆಯಲ್ಲಿ ಜನವರಿಯ ಇರುಳೂ ಹಿತವಾಗಿರುತ್ತದೆ. ಎಲ್ಲವೂ ಸುಲಭವಾಗಿ ಮುಗಿಯಬಹುದಾಗಿತ್ತು. ಆದರೆ ತಂದೆಯವರು ಒಂದೇ ಮಾತು ಹೇಳಿದರು: "ನಾಯಿಗೋಳ್ನ ಬಿಟ್ಟು ನಾ ಬರೂದಿಲ್ಲ."

ನಾಯಿಗಳು ಎರಡು. ಗರುಡ ಒಂಬತ್ತು ವರ್ಷದ ಮುಧೋಳ ತಳಿಯವನು. ನಮ್ಮ ಮರಾಠಿ ನೆರೆಯವರು ಈ ತಳಿಗೆ ಕಾರವಾನ ಎನ್ನುತ್ತಾರೆ. ಕೆಂಚಿ ಓಣಿಯಲ್ಲಿ ಹುಟ್ಟಿ, ತಾನಾಗಿಯೇ ನಮ್ಮ ಕಟ್ಟೆಯೇರಿ ಬಂದವಳು. ನಿವೃತ್ತ ಕನ್ನಡ ಶಿಕ್ಷಕರಾದ ತಂದೆಯವರಿಗೆ ತಾಯಿ ತೀರಿಕೊಂಡ ಮೇಲೆ ಮನೆಯಲ್ಲಿ ಮಾತಿಗೆ ಇವೆರಡೇ. ಓಣಿಯ ಮಕ್ಕಳು ಈಗ ಬೇರೆ ಮಾಧ್ಯಮಗಳ ಶಾಲೆಗೆ ಹೋಗುತ್ತಾರೆ. ಅವರ ಆಟವೂ ಜಗಳವೂ ಆಯಾ ಭಾಷೆಯಲ್ಲಿ ನಡೆಯುತ್ತವೆ. ಬೆಳಗಿನಿಂದ ಬೈಗಿನವರೆಗೆ ಅವರಾಡುವ ಕನ್ನಡದ ಬಹುಪಾಲನ್ನು ಕೇಳಿಸಿಕೊಳ್ಳುವವರು ಗರುಡ ಮತ್ತು ಕೆಂಚಿ. ಇದನ್ನು ಬಲ್ಲ ನಾನು ಹೆಚ್ಚು ವಾದಿಸಲಿಲ್ಲ.

ರೈಲಿನಲ್ಲಿ ನಾಯಿಯನ್ನು ಜೊತೆಯಲ್ಲಿಟ್ಟುಕೊಳ್ಳಬೇಕಾದರೆ ಹವಾನಿಯಂತ್ರಿತ ಪ್ರಥಮ ದರ್ಜೆಯ ಕೋಣೆಯನ್ನೇ ಪೂರ್ತಿ ಕಾಯ್ದಿರಿಸಬೇಕು. ಇಲ್ಲವಾದರೆ ಸಾಮಾನಿನ ಬೋಗಿಯ ಪೆಟ್ಟಿಗೆಗೆ ಹಾಕಬೇಕು. ಮೊದಲನೆಯದು ನಮ್ಮ ಕೈಗೆಟುಕದು, ಎರಡನೆಯದಕ್ಕೆ ತಂದೆಯವರು ಒಪ್ಪರು. ಆದ್ದರಿಂದ ನಮ್ಮ ಹಳೆಯ ಓಮ್ನಿ ವ್ಯಾನಿನ ಹಿಂದಿನ ಸೀಟನ್ನು ಬಿಚ್ಚಿಸಿ, ಗೋಣಿತಾಟು ಹಾಸಿ, ಮೇಲೆ ಕಂಬಳಿ ಹೊದಿಸಿದೆ. ಹುಚ್ಚುನಾಯಿ ರೋಗದ ಲಸಿಕೆಯ ಚೀಟಿ, ನೀರಿನ ಕ್ಯಾನು, ಎರಡು ತಾಟು, ಒಂದು ಬುಟ್ಟಿ ರೊಟ್ಟಿ ಸಿದ್ಧವಾದವು. ಮುಧೋಳ ನಾಯಿಯ ಮೈಯಲ್ಲಿ ಕೊಬ್ಬಿಲ್ಲ, ಕೂದಲೂ ಗಿಡ್ಡ. ಚಳಿ ಬೇಗ ತಟ್ಟುತ್ತದೆ. ತಂದೆಯವರು ತಮ್ಮ ಹಳೆಯ ಸ್ವೆಟರನ್ನು ಅವನಿಗೆ ತೊಡಿಸಿದರು. ಎಳ್ಳ ಅಮಾವಾಸ್ಯೆ ಕಳೆದ ವಾರ, ಬೆಳಗಿನ ಐದಕ್ಕೆ ಹೊರಟೆವು.

ಇನ್ನೊಂದು ಮಾತು ವ್ಯಾನಿನಲ್ಲಿ ನನ್ನೊಡನೆಯೇ ಇತ್ತು. ಅಲ್ಲಿ ಹೊಂದಿಕೆಯಾದರೆ ತಂದೆಯವರು ಕಾಯಂ ಆಗಿ ಅಲ್ಲಿಯೇ ಇರಲೆಂದು ತಂಗಿಯೂ ನಾನೂ ಮಾತಾಡಿಕೊಂಡಿದ್ದೆವು. ಅವರಿಗೆ ಹೇಳಿರಲಿಲ್ಲ.

ಸೊಲ್ಲಾಪುರದಲ್ಲಿ ಅವರು ಕೆರೆಯ ನಡುವಿನ ಸಿದ್ಧೇಶ್ವರನ ಗುಡಿಗೆ ಹೋಗಿ ಬಂದರು. ಸಂಕ್ರಾಂತಿಯ ಗಡ್ಡದ ಜಾತ್ರೆಗೆ ಕೆಲವೇ ದಿನಗಳಿದ್ದವು. ನಂದಿಧ್ವಜಗಳ ಮೆರವಣಿಗೆಯನ್ನು ಅವರು ಬುದ್ಧಿ ಬಂದಂದಿನಿಂದ ತಪ್ಪಿಸಿದವರಲ್ಲ. ಮರಳಿ ಬಂದು ಕುಳಿತವರು ಭೀಮೆ ದಾಟುವವರೆಗೆ ಮಾತಾಡಲಿಲ್ಲ.

ಅಲ್ಲಿಂದ 52ನೆಯ ರಾಷ್ಟ್ರೀಯ ಹೆದ್ದಾರಿಯೇ ನಮ್ಮ ದಾರಿ. ವಿಜಯಪುರ ದಾಟಿ, ಕೊಲ್ಹಾರದಲ್ಲಿ ಕೃಷ್ಣೆಯನ್ನು ದಾಟಿ, ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಆಮೆಯಂತೆ ತೆವಳಿದೆವು. ಎರಡು ಗಂಟೆಗೊಮ್ಮೆ ನಿಲ್ಲಿಸಿ ನೀರು ಕುಡಿಸಬೇಕು, ಹೊಟ್ಟೆ ತುಂಬ ತಿನ್ನಿಸಬಾರದು. ಈ ನಿಯಮವನ್ನು ತಂದೆಯವರು ಶಾಲೆಯ ಗಂಟೆಯಷ್ಟೇ ಕಟ್ಟುನಿಟ್ಟಾಗಿ ಪಾಲಿಸಿದರು. ಗದ್ದನಕೇರಿಯಲ್ಲಿ ಲೋಕಾಪುರ, ಮುಧೋಳದ ದಾರಿ ಪಶ್ಚಿಮಕ್ಕೆ ಒಡೆಯುತ್ತದೆ. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಈ ತಳಿಗೆಂದೇ ಸಂಶೋಧನ ಕೇಂದ್ರವಿದೆ. 2005ರಲ್ಲಿ ಅಂಚೆ ಇಲಾಖೆ ಈ ನಾಯಿಯ ಚಿತ್ರವಿರುವ ಅಂಚೆಚೀಟಿಯನ್ನೂ ತಂದಿತು. ತಂದೆಯವರು ಹಿಂದೆ ತಿರುಗಿ, "ನಿಮ್ಮ ಹಿರ್ಯಾರ ಊರ ಹಾದಿ ನೋಡಲೇ" ಎಂದು ಗರುಡನಿಗೆ ತೋರಿಸಿದರು. ಅವನು ಸ್ವೆಟರಿನೊಳಗೆ ಮೂತಿ ಹುದುಗಿಸಿ ಮಲಗಿದ್ದ.

ಹುಬ್ಬಳ್ಳಿಯಲ್ಲಿ ಎರಡು ವಸತಿಗೃಹಗಳವರು ನಾಯಿಗಳನ್ನು ಕಂಡೊಡನೆ ಕೈಯಾಡಿಸಿದರು. ಮೂರನೆಯವನು ವಾಹನ ನಿಲ್ಲಿಸುವ ಜಾಗದಲ್ಲಿ ಇರಲಿ ಎಂದ. ತಂದೆಯವರು ಮೇಲಿನ ಕೋಣೆಗೆ ಬರಲೊಲ್ಲದೆ ವ್ಯಾನಿನಲ್ಲಿಯೇ ಮಲಗಿದರು. ಅವರ ಉಸಿರಾಟದ ಚಿಂತೆಯಿಂದ ನಾನು ಇರುಳಲ್ಲಿ ಮೂರು ಸಲ ಇಳಿದು ಬಂದೆ. ಎಡಕ್ಕೆ ಗರುಡ, ಬಲಕ್ಕೆ ಕೆಂಚಿ. ಮೂವರೂ ಗೊರಕೆ ಹೊಡೆಯುತ್ತಿದ್ದರು.

ಮರುದಿನ ಅರಬೈಲ್ ಘಟ್ಟದ ತಿರುವುಗಳಲ್ಲಿ ಕೆಂಚಿ ಎರಡು ಸಲ ವಾಂತಿ ಮಾಡಿಕೊಂಡಳು. ಆ ಕಥೆ ಬೇಡ. ದಾರಿಯುದ್ದಕ್ಕೂ ಚಹದಂಗಡಿಗಳಲ್ಲಿ ಜನ ಕೇಳುತ್ತಿದ್ದುದು ಒಂದೇ ಪ್ರಶ್ನೆ. ಹುಬ್ಬಳ್ಳಿಯಲ್ಲಿ "ಕಡೀತೈತೇನ್ರೀ?" ಆಗಿದ್ದುದು ಯಲ್ಲಾಪುರದಲ್ಲಿ ಒಂದು ರಾಗ ಪಡೆಯಿತು, ಅಂಕೋಲೆಯಲ್ಲಿ ಮತ್ತೊಂದು; ಕುಂದಾಪುರದ ಕಡೆ "ಹ್ವಾಯ್" ಎಂಬ ಕರೆಯೊಂದಿಗೆ ಬಂದಿತು. ತಂದೆಯವರು ಪ್ರತಿಯೊಂದನ್ನೂ ಬಾಯಲ್ಲಿ ಹೊರಳಿಸಿ ನೋಡುತ್ತಿದ್ದರು. ಆ ಎರಡು ದಿನಗಳಲ್ಲಿ ಅವರು ಆಡಿದಷ್ಟು ಮಾತನ್ನು ಊರಲ್ಲಿ ಎರಡು ತಿಂಗಳಲ್ಲಿಯೂ ಆಡಿದ್ದನ್ನು ನಾನು ಕಾಣೆ.

ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಸೌಪರ್ಣಿಕೆ, ಇನ್ನೊಂದು ಬದಿಗೆ ಸಮುದ್ರ. ಸಂಜೆ ಅಲ್ಲಿ ನಾಯಿಗಳನ್ನು ಇಳಿಸಿದೆವು. ಕೆಂಚಿ ತೆರೆಯನ್ನು ಕಂಡು ಬೊಗಳಿದಳು, ತೆರೆ ಹಿಂದೆ ಸರಿದೊಡನೆ ತಾನೇ ಗೆದ್ದಂತೆ ಬಾಲವೆತ್ತಿದಳು. ಗರುಡ ಬಹಳ ಹೊತ್ತು ದೂರಕ್ಕೇ ನೋಡುತ್ತ ನಿಂತ. ದೃಷ್ಟಿಯಿಂದ ಬೇಟೆಯಾಡುವ ತಳಿ, ಅಷ್ಟು ದೊಡ್ಡ ಬಯಲಿನಲ್ಲಿ ಓಡುವುದೊಂದೂ ಅವನಿಗೆ ಕಾಣಲಿಲ್ಲ. ಆಗ ತಂದೆಯವರು ನನ್ನ ಕಡೆ ನೋಡದೆಯೇ ಹೇಳಿದರು: "ಚಳಿ ಕಳಿಯೂತನಾ ಬಂದೀನಿ. ಇರಾಕ ಬಂದಿಲ್ಲ. ನಿನ್ನ ತಂಗಿಗೂ ಹೇಳು." ನಾನು ಹೂಂ ಎಂದೆ.

ಮೂರನೆಯ ದಿನ ತಲಪಾಡಿಯಲ್ಲಿ ಮತ್ತೆ ರಾಜ್ಯ ದಾಟಿದೆವು. 1967ರ ವರದಿಯಲ್ಲಿ ಮಹಾಜನ ಆಯೋಗವು ನಮ್ಮ ಅಕ್ಕಲಕೋಟವನ್ನೂ ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡನ್ನೂ ಅಂದಿನ ಮೈಸೂರು ರಾಜ್ಯಕ್ಕೆ ಸೇರಿಸಲು ಶಿಫಾರಸು ಮಾಡಿತ್ತು, ಎರಡೂ ಸೇರಲಿಲ್ಲ. ಸುಮಾರು 700 ಕಿ.ಮೀ. ದೂರದ ಎರಡು ಊರುಗಳು ಹೀಗೊಂದು ಬಗೆಯ ನೆಂಟರು. ಮಂಜೇಶ್ವರದಲ್ಲಿ ಗೋವಿಂದ ಪೈಗಳ ಸ್ಮಾರಕ 'ಗಿಳಿವಿಂಡು' ನೋಡಬೇಕೆಂದು ಅವರು ಮೊದಲೇ ಹೇಳಿದ್ದರು. ಎಷ್ಟೋ ವರ್ಷ ಪೈಗಳ ಪದ್ಯಗಳನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದವರು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದರು. ನಾಯಿಗಳನ್ನು ಹಿಡಿದುಕೊಂಡು ನಾನು ಹೊರಗೆ ನಿಂತೆ.

ತಂಗಿಯ ಮಗಳು ನಾಲ್ಕನೆಯ ತರಗತಿ, ಕನ್ನಡ ಮಾಧ್ಯಮ. ಬಾಲಭಾರತಿ ಅಚ್ಚುಹಾಕುವ ನಮ್ಮ ಕಡೆಯ ಕನ್ನಡ ಪುಸ್ತಕವನ್ನು ತಂದೆಯವರು ಅವಳಿಗಾಗಿ ತಂದಿದ್ದರು. ಅವಳು ಕೇರಳದ ಕನ್ನಡ ಪುಸ್ತಕವನ್ನು ತಂದು ಪಕ್ಕದಲ್ಲಿಟ್ಟಳು. ಇಬ್ಬರೂ ಪಾಠಗಳನ್ನು ಅದಲುಬದಲು ಮಾಡಿಕೊಂಡು ಓದುವುದು ಅಂದೇ ಆರಂಭವಾಯಿತು. ತೊಡಕಾದುದು ನಾಯಿಗಳದು. "ಗರುಡ, ಇಲ್ಲಿ ಬಾ" ಎಂದು ಅವಳು ಎಷ್ಟು ನಯವಾಗಿ ಕರೆದರೂ ಅವನು ಕಿವಿಯಾಡಿಸಲಿಲ್ಲ. ತಂದೆಯವರು "ಬಾರಲೇ ಗರುಡಾ" ಎಂದೊಡನೆ ಎದ್ದು ಬಂದ. ನಾನು ಊರಿಗೆ ಹೊರಡುವ ಹೊತ್ತಿಗೆ ಅವಳು ಆ 'ಲೇ'ಯನ್ನು ಅದರ ಪೂರ್ಣ ಒತ್ತಿನೊಂದಿಗೆ ಕಲಿತಿದ್ದಳು. ಅದನ್ನು ಅಜ್ಜನ ಮೇಲೆಯೂ ಒಮ್ಮೆ ಪ್ರಯೋಗಿಸಿ ತಾಯಿಯಿಂದ ಬೈಸಿಕೊಂಡಳು. ಅಜ್ಜ ನಕ್ಕ ನಗೆಗೆ ಕೆಮ್ಮು ಬಂದಿತು, ಉಬ್ಬಸ ಬರಲಿಲ್ಲ.

ಈಗ ವಾರಕ್ಕೆರಡು ಸಲ ಫೋನು ಬರುತ್ತದೆ. ಜೋಳ ಕಿತ್ತರೇ, ಕಣಿಕೆ ಎಷ್ಟಾಯಿತು ಎಂದು ವಿಚಾರಿಸುತ್ತಾರೆ. ಅಜ್ಜ ಹೋದರೂ ಕೆಂಚಿಯಾದರೂ ಇಲ್ಲಿರಲಿ ಎಂದು ಮಗು ಹಿಂದಿನಿಂದ ಕೂಗುತ್ತದೆ. ತಂಗಿ ಆ ಹಳೆಯ ಮಾತನ್ನು ಎತ್ತಿಲ್ಲ, ನಾನೂ ಎತ್ತಿಲ್ಲ. ಶಿವರಾತ್ರಿ ಕಳೆದ ಮೇಲೆ ವ್ಯಾನು ತೆಗೆದುಕೊಂಡು ಬಾ ಎಂದು ತಂದೆಯವರು ಹೇಳಿದ್ದಾರೆ. ಹಿಂದಿನ ಸೀಟನ್ನು ಇನ್ನೂ ಹಾಕಿಸಿಲ್ಲ.