ಪರದೆಯಿಂದ ಮಾಯವಾದ ಮೈನಸ್

ನಾವು ಬರೆದ ಪ್ರೋಗ್ರಾಮನ್ನು ಯಂತ್ರಭಾಷೆಗೆ ಇಳಿಸುವಾಗ ಕಂಪೈಲರ್ ಕಮೆಂಟುಗಳನ್ನು ಬಿಸಾಡುತ್ತದೆ. ಒಳಗಿನ ಹೆಸರುಗಳೂ ಸಾಮಾನ್ಯವಾಗಿ ಉಳಿಯುವುದಿಲ್ಲ. ಉಳಿದದ್ದನ್ನು ಹಿಡಿದುಕೊಂಡು ಮತ್ತೆ ಓದುವಂಥ ಸಿ ಭಾಷೆಯನ್ನು ಕಟ್ಟುವುದು ಡಿಕಂಪೈಲರಿನ ಕೆಲಸ. 2019ರಲ್ಲಿ ಅಮೆರಿಕದ ಎನ್‌ಎಸ್‌ಎ ತನ್ನ ಘಿಡ್ರಾವನ್ನು ಎಲ್ಲರಿಗೂ ಪುಕ್ಕಟೆ ಬಿಟ್ಟುಕೊಟ್ಟ ಮೇಲೆ ನನ್ನಂಥವರಿಗೆ ಈ ಲೋಕ ಹತ್ತಿರವಾಯಿತು. ನಾನು ರಿಪೇರಿ ಮಾಡುವುದು ಮಾತ್ರ ನಮ್ಮ ಲ್ಯಾಬಿನವರೇ ಕಟ್ಟಿಕೊಂಡ ಸಣ್ಣದೊಂದನ್ನು.

ಕ್ರ್ಯಾಶ್ ಆಗುವ ಬಗ್ಗುಗಳ ಬಗ್ಗೆ ನನಗೆ ಭಯವಿಲ್ಲ, ಅವು ಕೂಗಿ ಕರೆಯುತ್ತವೆ. ಹೆದರಿಕೆ ಆಗುವುದು ಅಚ್ಚುಕಟ್ಟಾಗಿ ಸುಳ್ಳು ಹೇಳುವ ಬಗ್ಗಿಗೆ.

ಹೋದ ತಿಂಗಳು ಸಿಕ್ಕಿದ್ದು ಅಂಥದ್ದೇ. ಪರದೆಯ ಮೇಲಿದ್ದ ಸಿ ಸಾಲು ಸರಳವಾಗಿತ್ತು: ಬಂದ ಡೇಟಾದ ಉದ್ದ 64ಕ್ಕಿಂತ ಹೆಚ್ಚಿದ್ದರೆ ವಾಪಸು ಕಳಿಸು, ಇಲ್ಲವಾದರೆ ನಕಲು ಮಾಡಿಕೋ. ನಮ್ಮ ಜೂನಿಯರ್ ಒಬ್ಬಳು ಅದನ್ನು ಓದಿ ‘ಇಲ್ಲಿ ಅಪಾಯವಿಲ್ಲ’ ಎಂದು ಭದ್ರತಾ ವರದಿಗೆ ಟಿಪ್ಪಣಿ ಹಾಕಿದ್ದಳು. ಅವಳು ಓದಿದ್ದು ಸರಿಯಾಗಿಯೇ ಇತ್ತು.

ಆದರೆ 32 ಬಿಟ್ಟುಗಳೂ 1 ಆಗಿರುವ ಸಂಖ್ಯೆಯನ್ನು ಚಿಹ್ನೆಯಿದೆ ಎಂದು ಓದಿದರೆ ಮೈನಸ್ 1, ಇಲ್ಲವೆಂದು ಓದಿದರೆ 4,29,49,67,295. ಹಳೆಯ ಕನ್ನಡ ಶಾಸನಗಳಲ್ಲಿ ‘ಕೊಡು’ ಮತ್ತು ‘ಕೋಡು’ ಒಂದೇ ತೆರ ಕಾಣುತ್ತಿದ್ದವಲ್ಲ, ಹಾಗೆ. ಸುತ್ತಲ ಸಂದರ್ಭವೇ ಗತಿ. ಯಂತ್ರಭಾಷೆಯಲ್ಲಿ ಆ ಸಂದರ್ಭವೆಂದರೆ ಹೋಲಿಕೆಯ ನಂತರದ ಜಿಗಿತದ ಸೂಚನೆ. ಎಕ್ಸ್86ರಲ್ಲಿ ಜೆಜಿ ಇದ್ದರೆ ಚಿಹ್ನೆಯುಂಟು, ಜೆಎ ಇದ್ದರೆ ಇಲ್ಲ. ಅಲ್ಲಿ ಇದ್ದದ್ದು ಜೆಜಿ. ಅಂದರೆ ಮೈನಸ್ 1 ಕಳಿಸಿದರೆ ಅದು 64ಕ್ಕಿಂತ ಕಡಿಮೆಯೆಂದು ಒಳಗೆ ಬಿಡಲಾಗುತ್ತದೆ. ಮುಂದೆ ನಕಲು ಮಾಡುವ ಮೆಮ್‌ಕಾಪಿ ಅದನ್ನೇ ದೈತ್ಯ ಸಂಖ್ಯೆಯಾಗಿ ಓದಿ ಪಕ್ಕದ ಮೆಮೊರಿಯನ್ನೆಲ್ಲ ತುಳಿಯುತ್ತದೆ. ನಮ್ಮ ಡಿಕಂಪೈಲರ್ ಮೆಮ್‌ಕಾಪಿಯನ್ನು ಕಂಡು, ಈ ವೇರಿಯಬಲ್ಲಿಗೆ ಮೊದಲಿನಿಂದಲೂ ಚಿಹ್ನೆಯಿಲ್ಲ ಎಂದು ಹಿಂದಕ್ಕೆ ತೀರ್ಮಾನಿಸಿತ್ತು. ತೂತು ಮುಚ್ಚಿಹೋಗಿತ್ತು, ಪರದೆಯ ಮೇಲೆ ಮಾತ್ರ.

ಹುಡುಕಲು ಒಂಬತ್ತು ದಿನ, ತಿದ್ದಲು ಹನ್ನೊಂದು ಸಾಲು. ಹೋಲಿಕೆಯ ಜಾಗದಲ್ಲಿ ‘ಇಲ್ಲಿ ಚಿಹ್ನೆಯೊಂದಿಗೆ ಓದಿ’ ಎಂಬ ಕ್ಯಾಸ್ಟ್ ಬರುವಂತೆ ಮಾಡಿದೆ. ಪರದೆ ನೋಡಿದರೆ ಮತ್ತೆ ಅದೇ ಹಳೆಯ ಸಾಲು! ಕಣ್ಣಿಗೆ ಚೆಂದ ಕಾಣಲಿ ಎಂದು ಯಾರೋ ಸೀನಿಯರ್ ಕ್ಯಾಸ್ಟುಗಳನ್ನೆಲ್ಲ ಅಡಗಿಸುವ ಆಯ್ಕೆಯನ್ನು ಮೊದಲೇ ಆನ್ ಮಾಡಿಟ್ಟಿದ್ದರು. ಒಳಗೆ ಸತ್ಯ ಗೊತ್ತಿದ್ದೂ ಹೊರಗೆ ಹೇಳದ ಸಾಫ್ಟ್‌ವೇರ್. ಅದಕ್ಕಿಂತ ಆ ಕ್ರ್ಯಾಶುಗಳೇ ವಾಸಿ.

“ಇದ್ರಲ್ಲಿ ಪೇಪರ್ ಆಗುತ್ತೇನಪ್ಪಾ?” ಎಂದು ಗೈಡ್ ಮೇಡಂ ಕೇಳಿದರು. ಆಗುವುದಿಲ್ಲ. ನನಗಿದು ಐದನೇ ವರ್ಷ, ಫೆಲೋಶಿಪ್ಪಿಗೆ ಉಳಿದಿರುವುದು ಏಳು ತಿಂಗಳು. ಅವರು ಕೇಳಿದ್ದರಲ್ಲಿ ತಪ್ಪೇನೂ ಇಲ್ಲ.

ಜೂನಿಯರ್ ತನ್ನ ಟಿಪ್ಪಣಿಯನ್ನು ಬದಲಾಯಿಸಿದಳು. ಪರದೆ ಈಗ ಗಲೀಜಾಗಿ ಕಾಣುತ್ತದೆಂದು ಲ್ಯಾಬಿನಲ್ಲಿ ದೂರಿದೆ. ಕ್ಯಾಸ್ಟುಗಳ ಬಣ್ಣವನ್ನು ತುಸು ಮಂಕು ಮಾಡಿ ನೋಡುತ್ತೇನೆ. ಅಡಗಿಸುವುದಂತೂ ಇಲ್ಲ.