ಹಳೆಯ ಯಂತ್ರದ ಬೆಲೆ

ಕೊಡುಕೊಳ್ಳುವ ವ್ಯವಹಾರದಲ್ಲಿ ಮಾರುವವನು ಪಾಲಿಸಬೇಕಾದ ನಿಯಮಗಳನ್ನು ಕುರಿತು ಹಿರಿಯರು ಬಹಳಷ್ಟು ಹೇಳಿದ್ದಾರೆ. ತೂಕದಲ್ಲಿ ಮೋಸ ಸಲ್ಲದು, ಅಳತೆಯಲ್ಲಿ ಕೊರತೆ ಸಲ್ಲದು, ಕೀಳು ಸರಕನ್ನು ಮೇಲು ಸರಕೆಂದು ನಂಬಿಸಿ ಕೊಡಲಾಗದು. ಅಂಗಡಿಯ ಗದ್ದುಗೆಯ ಸುತ್ತ ಬೆಳೆದ ಮನೆತನಗಳಲ್ಲಿ ಈ ಮಾತುಗಳು ಮಕ್ಕಳಿಗೂ ಬಾಯಿಪಾಠವಾಗಿರುತ್ತವೆ. ಆದರೆ ಕೊಳ್ಳುವವನ ಕರ್ತವ್ಯವನ್ನು ಕುರಿತ ಮಾತು ಅಷ್ಟಾಗಿ ಕೇಳಿಬರುವುದಿಲ್ಲ. ಮಾರುವವನು ಸರಕನ್ನು ಬಲ್ಲವನು, ಕೊಳ್ಳುವವನು ಅರಿಯದವನು ಎಂಬ ಊಹೆಯೇ ಇದಕ್ಕೆ ಕಾರಣವಿರಬೇಕು. ಹಳೆಯ ಯಂತ್ರಗಳ ವ್ಯವಹಾರದಲ್ಲಿ ಈ ಊಹೆ ಎಷ್ಟೋ ಸಲ ತಲೆಕೆಳಗಾಗುತ್ತದೆ. ಯಂತ್ರವನ್ನು ನಡೆಸಿದವನು ತೀರಿಹೋಗಿರುತ್ತಾನೆ. ಅದನ್ನು ಮಾರಲು ನಿಂತವರ ಪಾಲಿಗೆ ಅದು ಜಾಗ ನುಂಗುವ ಕಬ್ಬಿಣದ ರಾಶಿ. ಕೊಳ್ಳಲು ಬಂದವನೊಬ್ಬನೇ ಅದರ ಒಳಹೊರಗನ್ನು ಬಲ್ಲವನಾಗಿರುತ್ತಾನೆ.

ಬೆಳಗಾವಿಯ ನಿವೃತ್ತ ಗೃಹಸ್ಥರೊಬ್ಬರಿಗೆ 2023ರ ನವೆಂಬರಿನಲ್ಲಿ ಎದುರಾದ ಪ್ರಸಂಗ ಇಂಥದು. ಮೂವತ್ತು ವರ್ಷಗಳ ಕಾಲ ತಾಂತ್ರಿಕ ಶಾಲೆಯಲ್ಲಿ ಹುಡುಗರಿಗೆ ಲೇತಿನ ಕೆಲಸವನ್ನು ಕಲಿಸಿದ ಅವರಿಗೆ, ಮನೆಯ ಹಿಂದಿನ ಸಣ್ಣ ಶೆಡ್ಡಿನಲ್ಲಿ ತಮ್ಮದೇ ಆದ ಒಂದು ಲೇತನ್ನು ನಿಲ್ಲಿಸಬೇಕೆಂಬ ಬಯಕೆ ಬಹುಕಾಲದಿಂದ ಇತ್ತು. ಸಂಪಾದನೆ ಅವರ ಉದ್ದೇಶವಾಗಿರಲಿಲ್ಲ. ಕೈಗೆ ಕೆಲಸವಿರಬೇಕು, ನೆರೆಹೊರೆಯವರ ಪಂಪಿನ ಬುಷ್ಷೋ ಗಾಣದ ಕೀಲೋ ಸವೆದರೆ ಮಾಡಿಕೊಡಬೇಕು, ಕಲಿಯಲು ಬರುವ ಒಬ್ಬಿಬ್ಬರು ಹುಡುಗರಿಗೆ ಹೇಳಿಕೊಡಬೇಕು, ಇಷ್ಟೇ. ಅದಕ್ಕಾಗಿ ಅವರು ಒಂದು ಲಕ್ಷ ರೂಪಾಯಿಯನ್ನು ಬೇರೆಯಾಗಿ ತೆಗೆದಿರಿಸಿದ್ದರು.

ಹೊಸದಾದ ಹಗುರ ಲೇತು ಆ ಹಣಕ್ಕೆ ದೊರೆಯದೆ ಇರುತ್ತಿರಲಿಲ್ಲ. ಆದರೆ ಲೇತಿನಲ್ಲಿ ಭಾರವೇ ಒಂದು ಗುಣ. ಚನ್ನಪಟ್ಟಣದ ಗೊಂಬೆಯ ಕುಶಲಕರ್ಮಿ ತಿರುಗುವ ಮರಕ್ಕೆ ಉಳಿಯನ್ನು ಕೈಯಿಂದಲೇ ಹಿಡಿಯುತ್ತಾನೆ. ಮರ ಅದಕ್ಕೆ ಒಗ್ಗುತ್ತದೆ. ಉಕ್ಕು ಒಗ್ಗುವುದಿಲ್ಲ. ತಿರುಗುವ ಉಕ್ಕನ್ನು ಕೊರೆಯುವ ಉಳಿ ಒಂದಿಷ್ಟು ನಡುಗಿದರೂ ಮೈ ಒರಟಾಗುತ್ತದೆ, ಅಳತೆ ತಪ್ಪುತ್ತದೆ. ಲಂಡನ್ನಿನ ಹೆನ್ರಿ ಮಾಡ್ಸ್‌ಲೇ 1800ರ ಸುಮಾರಿಗೆ ಉಳಿಯನ್ನು ಕೈಯಿಂದ ಬಿಡಿಸಿ ಜಾರುಪೀಠದ ಮೇಲೆ ಕೂರಿಸಿ, ಉದ್ದನೆಯ ನಿಖರ ತಿರುಪಿನಿಂದ ಅದನ್ನು ಸಾಗಿಸುವ ಲೇತನ್ನು ಪಳಗಿಸಿದಂದಿನಿಂದ ಗಟ್ಟಿಮುಟ್ಟಾದ ಕಬ್ಬಿಣದ ಬೆಡ್ಡೇ ಈ ಯಂತ್ರದ ಬೆನ್ನೆಲುಬಾಯಿತು. ದಪ್ಪನೆಯ ಬೀಡಿನ ಬೆಡ್ಡು ನಡುಕವನ್ನು ನುಂಗಿಕೊಳ್ಳುತ್ತದೆ. ಆದಕಾರಣ ಬಲ್ಲವರು ಹಳೆಯ ದೊಡ್ಡ ಯಂತ್ರವನ್ನೇ ಅರಸುತ್ತಾರೆ. 1941ರಲ್ಲಿ ಹರಿಹರದಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿ ಬಹಳ ವರ್ಷಗಳಾದವು. ಅದರ ಲೇತುಗಳು ಮಾತ್ರ ಇಂದಿಗೂ ಅನೇಕ ವರ್ಕ್‌ಶಾಪುಗಳಲ್ಲಿ ತಿರುಗುತ್ತಿವೆ.

ಅಂಥದೊಂದು ಯಂತ್ರ ಹುಬ್ಬಳ್ಳಿಯ ಬಾಡಿಗೆ ಶೆಡ್ಡೊಂದರಲ್ಲಿ ಇದೆಯೆಂದು ಅವರಿಗೆ ತಿಳಿಯಿತು. ಯಜಮಾನ ಆರು ತಿಂಗಳ ಹಿಂದೆ ತೀರಿಕೊಂಡಿದ್ದ. ಮಗ ಪುಣೆಯಲ್ಲಿ ನೌಕರಿಯಲ್ಲಿದ್ದ. ತಿಂಗಳ ಕೊನೆಗೆ ಶೆಡ್ಡನ್ನು ತೆರವು ಮಾಡಬೇಕಾಗಿತ್ತು. ಗುಜರಿ ವ್ಯಾಪಾರಿಯೊಬ್ಬ ಬಂದು, ತೂಕದ ಲೆಕ್ಕದಲ್ಲಿ ಐವತ್ತೈದು ಸಾವಿರ ಹೇಳಿ ಹೋಗಿದ್ದ.

ನಮ್ಮ ಗೃಹಸ್ಥರು ಯಂತ್ರವನ್ನು ಎರಡು ಗಂಟೆಗಳ ಕಾಲ ಪರೀಕ್ಷಿಸಿದರು. ಬಣ್ಣ ಹೋಗಿತ್ತು, ಚಕ್ಕಿಗೆ ತುಕ್ಕು ಹಿಡಿದಿತ್ತು, ಅಡ್ಡಜಾರಿನ ಹಿಡಿಯಲ್ಲಿ ಕಾಲು ಸುತ್ತಿನಷ್ಟು ಸಡಿಲವಿತ್ತು. ಅರಿಯದವರು ಇವುಗಳನ್ನು ಕಂಡೇ ಹಿಂಜರಿಯುತ್ತಾರೆ. ಬಲ್ಲವರು ಇವುಗಳನ್ನು ಗಣಿಸುವುದೇ ಇಲ್ಲ. ಇವೆಲ್ಲ ಸರಿಪಡಿಸಬಹುದಾದ ದೋಷಗಳು. ಸರಿಪಡಿಸಲು ದುಬಾರಿಯಾದದ್ದು ಬೆಡ್ಡಿನ ಸವೆತ. ಕೆಲಸವೆಲ್ಲ ಚಕ್ಕಿನ ಸಮೀಪದಲ್ಲೇ ನಡೆಯುವುದರಿಂದ ಬೆಡ್ಡು ಅಲ್ಲಿಯೇ ಮೊದಲು ಸವೆಯುತ್ತದೆ. ಸ್ಯಾಡಲ್ಲಿನ ಬಿಗಿತಿರುಪನ್ನು ಅಲ್ಲಿ ತುಸು ಬಿಗಿಮಾಡಿ, ಅನಂತರ ಅದನ್ನು ಇನ್ನೊಂದು ತುದಿಗೆ ಸಾಗಿಸಿ ನೋಡಬೇಕು. ಸವೆದ ಬೆಡ್ಡಾದರೆ ಸವೆಯದ ಭಾಗಕ್ಕೆ ಬಂದೊಡನೆ ಸ್ಯಾಡಲ್ಲು ಕಚ್ಚಿಕೊಳ್ಳುತ್ತದೆ. ಇಲ್ಲಿ ಅದು ಕೊನೆಯವರೆಗೂ ಒಂದೇ ಸಮನೆ ಜಾರಿತು. ಎಲ್ಲ ವೇಗಗಳಲ್ಲಿಯೂ ಯಂತ್ರವನ್ನು ಓಡಿಸಿ ಗೇರುಗಳ ಸದ್ದನ್ನು ಆಲಿಸಿದರು. ಒಂದು ಸಲಾಕೆಯನ್ನು ಕಟ್ಟಿ ತೆಳುವಾಗಿ ಕಡೆದು ಎರಡೂ ತುದಿಗಳಲ್ಲಿ ಅಳೆದರು. ವ್ಯತ್ಯಾಸ ಮಿಲಿಮೀಟರಿನ ನೂರರಲ್ಲಿ ಎರಡು ಪಾಲು ಮಾತ್ರ. ತೀರಿಹೋದ ಯಜಮಾನ ಅದನ್ನು ಎಣ್ಣೆ ಕಾಣಿಸದೆ ಒಂದು ದಿನವೂ ಓಡಿಸಿರಲಿಲ್ಲವೆಂಬುದು ಸ್ಪಷ್ಟವಾಗಿತ್ತು. ಬೆಳಗಾವಿಯ ಉದ್ಯಮಬಾಗದಲ್ಲಿ ಅಂಥ ಯಂತ್ರಕ್ಕೆ ಒಂದೂಕಾಲು ಲಕ್ಷಕ್ಕೆ ಕಡಿಮೆಯಿಲ್ಲದ ಬೆಲೆ ಬರುವುದೆಂದು ಅವರಿಗೆ ತಿಳಿದಿತ್ತು.

ಹಳೆಯ ಯಂತ್ರಗಳ ಪೇಟೆಯಲ್ಲಿ ಒಂದು ರೂಢಿಯಿದೆ. ಕೊಳ್ಳಲು ಬಂದವನು ತುಕ್ಕನ್ನು ಬೆರಳಿನಿಂದ ಕೆರೆಯುತ್ತಾನೆ, ಸಡಿಲಾದ ಹಿಡಿಯನ್ನು ಅಲುಗಿಸಿ ನಿಟ್ಟುಸಿರು ಬಿಡುತ್ತಾನೆ. ಕಂಡ ದೋಷವೆಲ್ಲ ಬಾಯಿಗೆ ಬರುತ್ತದೆ, ಕಂಡ ಗುಣವೆಲ್ಲ ಹೊಟ್ಟೆಗೆ ಇಳಿಯುತ್ತದೆ. ಇದನ್ನು ಯಾರೂ ಸುಳ್ಳೆನ್ನುವುದಿಲ್ಲ, ಏಕೆಂದರೆ ಆಡಿದ ಮಾತುಗಳೆಲ್ಲ ನಿಜವೇ ಆಗಿರುತ್ತವೆ.

ಇಲ್ಲಿ ಆ ರೂಢಿಗೆ ಅವಕಾಶ ದೊರೆಯಲಿಲ್ಲ. ಅವರು ಕೈ ಒರೆಸಿಕೊಳ್ಳುತ್ತಿದ್ದಾಗ ಆ ಗೃಹಿಣಿ ಚಹ ತಂದಿಟ್ಟು, “ಸರ, ಗುಜರಿಯವ ಐವತ್ತೈದು ಅಂದಾನ. ನೀವು ಅರವತ್ತು ಕೊಟ್ರ ಒಯ್ರಿ. ಆದರ ಇದಕ್ಕ ಖರೇನ ಏನ ಬಂದೀತು? ನೀವ ಹೇಳ್ರಿ” ಎಂದು ಕೇಳಿದರು.

ಅವರು ತಕ್ಷಣ ಉತ್ತರಿಸಲಿಲ್ಲ. ಹೊರಗೆ ಬಂದು, ವ್ಯಾಪಾರದಲ್ಲಿ ನುರಿತ ತಮ್ಮ ಭಾವಮೈದುನನಿಗೆ ಫೋನು ಮಾಡಿದರು. ಭಾವಮೈದುನನ ಉತ್ತರ ಹಗುರವಾಗಿ ತಳ್ಳಿಹಾಕುವಂಥದಾಗಿರಲಿಲ್ಲ. ಯಂತ್ರವನ್ನು ನೋಡುವ ಕಣ್ಣು ಪುಕ್ಕಟೆಯಾಗಿ ಬಂದದ್ದಲ್ಲ, ಮೂವತ್ತು ವರ್ಷಗಳ ದುಡಿಮೆಯಿಂದ ಬಂದದ್ದು. ಆ ಅರಿವಿಗೆ ಪ್ರತಿಫಲವಿಲ್ಲವೆಂದರೆ ಯಾವ ವ್ಯಾಪಾರವೂ ನಡೆಯದು. ಅರಳೆಯನ್ನು ಬೆರಳಿನಲ್ಲಿ ಎಳೆದು ನೋಡಿ ಕೊಳ್ಳುವವನೂ ತನ್ನ ಅರಿವಿನ ಲಾಭವನ್ನೇ ಉಣ್ಣುತ್ತಾನೆ. ಅಲ್ಲದೆ ಬೆಲೆಯನ್ನು ಹೇಳಿದವರು ಅವರೇ. ಗುಜರಿಯವನಿಗಿಂತ ಐದು ಸಾವಿರ ಹೆಚ್ಚೇ ದೊರೆಯುತ್ತದೆ. ಇದರಲ್ಲಿ ಯಾರಿಗೆ ಅನ್ಯಾಯ?

ಈ ವಾದದಲ್ಲಿ ಸತ್ಯಾಂಶ ಉಂಟು. ಇಬ್ಬರು ವ್ಯಾಪಾರಿಗಳು ಎದುರುಬದುರಾಗಿ ಕುಳಿತಾಗ ಪ್ರತಿಯೊಬ್ಬನೂ ತನ್ನ ಎಚ್ಚರವನ್ನು ತಾನೇ ಕಾಯ್ದುಕೊಳ್ಳಬೇಕು. ಅಲ್ಲಿ ಕೊಳ್ಳುವವನು ತನ್ನ ಲೆಕ್ಕಾಚಾರವನ್ನೆಲ್ಲ ಬಿಚ್ಚಿಡಬೇಕೆಂದು ಯಾವ ನೀತಿಯೂ ವಿಧಿಸದು. ಆದರೆ ಆ ತಾಯಿ ಕೇವಲ ಬೆಲೆ ಹೇಳಿ ಸುಮ್ಮನಾಗಿರಲಿಲ್ಲ, ಪ್ರಶ್ನೆ ಕೇಳಿದ್ದರು. ಪ್ರಶ್ನೆ ಕೇಳಿದ ಗಳಿಗೆಯಿಂದ ಎದುರಿನವನು ಬರಿಯ ಗಿರಾಕಿಯಾಗಿ ಉಳಿಯಲಿಲ್ಲ; ಸಲಹೆಗಾರನೂ ಆದ. ತಕ್ಕಡಿಯ ಒಂದು ತಟ್ಟೆಯಲ್ಲಿ ಕುಳಿತವನು ಮುಳ್ಳನ್ನೂ ಹಿಡಿದಂತಾಯಿತು. “ನನಗೆ ಹೇಳಲಾಗದು, ಬೇರೆಯವರನ್ನು ಕೇಳಿ” ಎನ್ನುವ ದಾರಿ ಇತ್ತು; ಅದು ಪ್ರಾಮಾಣಿಕವೇ. “ಅರವತ್ತು ಸರಿಯಾದ ಬೆಲೆ” ಎನ್ನುವುದು ಸುಳ್ಳು. ಸುಮ್ಮನೆ ನಕ್ಕು ಹಣ ಎಣಿಸುವುದು ಆ ಸುಳ್ಳಿನ ಮೌನರೂಪ. ಅರಿವಿಗೆ ಪ್ರತಿಫಲ ಬೇಕೆಂದರೆ ಪರೀಕ್ಷೆಗೆ ಇಷ್ಟು ಸಂಭಾವನೆಯೆಂದು ಮುಂಚೆಯೇ ಹೇಳಿ ಪಡೆಯಬಹುದಿತ್ತು. ನಂಬಿ ಕೇಳಿದವರ ಕೈಯಿಂದಲೇ ಅದನ್ನು ತಿಳಿಯದಂತೆ ಕಿತ್ತುಕೊಳ್ಳುವುದು ಸಂಭಾವನೆಯೆನಿಸದು.

ಅವರು ಒಳಗೆ ಹೋಗಿ, “ಅಕ್ಕಾರ, ಇದು ಗುಜರಿಗೆ ಹಾಕೋ ಮಷೀನಲ್ಲ. ಒಂದೂಕಾಲು ಲಕ್ಷ ಬರತದ. ನನ್ನ ಹತ್ರ ಒಂದು ಲಕ್ಷ ಅದ” ಎಂದರು. ಇನ್ನಿಬ್ಬರನ್ನು ಕರೆಸಿ ತೋರಿಸುವಂತೆಯೂ ಹೇಳಿದರು.

ಇದರಿಂದ ಕೂಡಲೇ ಕೃತಜ್ಞತೆಯೇನೂ ಹರಿಯಲಿಲ್ಲ. ಪುಣೆಯ ಮಗನಿಗೆ ಸಂಶಯ ಹುಟ್ಟಿತು. ಕೊಳ್ಳುವವನೇ ಬೆಲೆ ಏರಿಸುತ್ತಾನೆಂದರೆ ಅದರಲ್ಲಿ ಇನ್ನೇನೋ ಅಡಗಿರಬೇಕೆಂದು ಅವನು ಎರಡು ವಾರ ಮಾತುಕತೆಯನ್ನೇ ನಿಲ್ಲಿಸಿದ. ಬೇರೆ ಇಬ್ಬರು ಬಂದು ನೋಡಿದರು. ಒಬ್ಬ ದಲ್ಲಾಳಿ ಒಂದು ಲಕ್ಷ ಮೂವತ್ತು ಸಾವಿರಕ್ಕೆ ಕೇಳಿದ. ಯಂತ್ರ ಕೈತಪ್ಪಿತೆಂದೇ ಬೆಳಗಾವಿಯಲ್ಲಿ ಭಾವಿಸಲಾಯಿತು. ಕೊನೆಗೆ ಆ ತಾಯಿಯೇ ಫೋನು ಮಾಡಿ, ಒಂದೂಕಾಲಕ್ಕೆ ಕೊಡುವುದಾಗಿಯೂ ಉಳಿದ ಇಪ್ಪತ್ತೈದು ಸಾವಿರವನ್ನು ಐದು ತಿಂಗಳಲ್ಲಿ ಸಲ್ಲಿಸಬಹುದೆಂದೂ ತಿಳಿಸಿದರು. ದಲ್ಲಾಳಿ ಅದನ್ನು ಮತ್ತೆಲ್ಲಿಗೋ ಮಾರುತ್ತಾನೆ, ಇವರಾದರೆ ನಡೆಸುತ್ತಾರೆ ಎಂಬುದು ಅವರ ಮಾತಾಗಿತ್ತು. ಯಂತ್ರದ ಮೇಲೆ ಬ್ಯಾಂಕಿನ ಸಾಲ ಉಳಿದಿಲ್ಲವೆಂಬುದನ್ನು ಕಾಗದಪತ್ರಗಳಲ್ಲಿ ನೋಡಿಕೊಂಡು, ರಸೀದಿ ಬರೆಸಿಕೊಂಡು ವ್ಯವಹಾರ ಮುಗಿಸಲಾಯಿತು. ಒಂದು ಉತ್ತರಕ್ಕೆ ಅರವತ್ತೈದು ಸಾವಿರ ರೂಪಾಯಿ ತೆತ್ತಂತಾಯಿತೆಂದು ಗೃಹಸ್ಥರ ಪತ್ನಿ ಲೆಕ್ಕ ಹಾಕಿ ಹೇಳಿದರು. ಲೆಕ್ಕ ಸರಿಯಾಗಿಯೇ ಇತ್ತು. ಡ್ರಿಲ್ಲಿಂಗ್ ಯಂತ್ರ ಕೊಳ್ಳುವ ವಿಚಾರ ಮುಂದಕ್ಕೆ ಹೋಯಿತು.

ಇನ್ನು ಸಾಗಣೆ. ಒಂದೂವರೆ ಟನ್ ತೂಗುವ ಲೇತು ನಿಂತಲ್ಲಿ ಬಂಡೆಯಂತೆ ತೋರಿದರೂ, ಕದಲಿಸಿದೊಡನೆ ಅದರ ಸ್ವಭಾವ ಬೇರೆ. ಭಾರವೆಲ್ಲ ಮೇಲುಗಡೆಗೆ, ಅದೂ ಚಕ್ಕಿನ ಕಡೆಗೆ, ಕಾಲುಗಳು ಕಿರಿದು. ಸ್ವಲ್ಪ ವಾಲಿದರೆ ಮಗುಚಿಕೊಳ್ಳುತ್ತದೆ. ಬೀಡು ಬಾಗುವ ಲೋಹವಲ್ಲ, ಬಿದ್ದರೆ ಸೀಳುತ್ತದೆ. ಹುಬ್ಬಳ್ಳಿಯಲ್ಲಿ ಕ್ರೇನು ಶೆಡ್ಡಿನ ಬಾಗಿಲವರೆಗೆ ಬಂದಿತು. ಚಕ್ಕನ್ನು ಬಿಚ್ಚಿ, ಸ್ಯಾಡಲ್ಲನ್ನೂ ಟೇಲ್‌ಸ್ಟಾಕನ್ನೂ ಹಿಂತುದಿಗೆ ಸರಿಸಿ ಬಿಗಿದು ಭಾರವನ್ನು ಸಮಮಾಡಿ, ಬೆಡ್ಡಿನ ಅಡಿಯಿಂದ ಪಟ್ಟಿಗಳನ್ನು ಹಾಯಿಸಿ, ಉದ್ದ ತಿರುಪಿಗೆ ಪಟ್ಟಿ ಒತ್ತದಂತೆ ಮರದ ತುಂಡುಗಳನ್ನಿಟ್ಟು ಎತ್ತಲಾಯಿತು. ಬೆಳಗಾವಿಯ ಮನೆಯ ಓಣಿಗೆ ಮಾತ್ರ ಕ್ರೇನು ಹೋಗುವಂತಿರಲಿಲ್ಲ. ಓಣಿಯ ತುದಿಯಲ್ಲಿ ಇಳಿಸಿ, ಕೊನೆಯ ನಲವತ್ತು ಅಡಿ ಪೈಪುಗಳ ಮೇಲೆ ಉರುಳಿಸಿಯೇ ಒಯ್ಯಬೇಕಾಗಿತ್ತು. ಗೇಟಿನಿಂದ ಒಳಕ್ಕೆ ಇಳಿಜಾರು ಬೇರೆ.

ಹಮಾಲರ ಮೇಸ್ತ್ರಿ ಏಳು ಜನ ಬೇಕೆಂದು ಹೇಳಿ ಒಂಬತ್ತು ಸಾವಿರ ಕೇಳಿದ. ನಾಲ್ವರೇ ಸಾಕೆನ್ನುವ, ಐದು ಸಾವಿರಕ್ಕೆ ಒಪ್ಪುವ ತಂಡವೊಂದನ್ನು ಗೃಹಸ್ಥರ ಸೋದರಳಿಯ ಹುಡುಕಿ ತಂದಿದ್ದ. ಮೇಸ್ತ್ರಿಯ ಲೆಕ್ಕ ಹೀಗಿತ್ತು: ಹಾರೆಗೆ ಇಬ್ಬರು, ಪೈಪು ಬದಲಿಸಲು ಇಬ್ಬರು, ಹಿಂದಿನಿಂದ ಸರಪಳಿ ಬಿಗಿಹಿಡಿಯಲು ಇಬ್ಬರು. ಏಳನೆಯವನು ಏನು ಮಾಡುತ್ತಾನೆಂದು ಅಳಿಯ ಕೇಳಿದಾಗ, “ನೋಡಾಕ ಒಬ್ಬಾಂವ ಬೇಕ್ರಿ” ಎಂದ. ನೋಡುವುದಕ್ಕೂ ಕೂಲಿಯೇ ಎಂದು ಅಳಿಯ ನಕ್ಕ. ಗೃಹಸ್ಥರು ಏಳು ಜನರನ್ನೇ ಗೊತ್ತುಮಾಡಿದರು. ಯಂತ್ರದ ಬೆಲೆಯಲ್ಲಿ ಚೌಕಾಸಿ ಮಾಡಿದರೆ ಹೋಗುವುದು ಹಣ. ಸಾಗಣೆಯ ಕೂಲಿಯಲ್ಲಿ ಉಳಿಸಿದ ಹಣಕ್ಕೆ ಬೇರೊಬ್ಬನ ಕಾಲು ಒತ್ತೆಯಾಗಿರುತ್ತದೆ. ನಾಲ್ವರಿಗೆ ಏಳು ಜನರ ಕೆಲಸ ಒಪ್ಪಿಸುವವನು ಆ ಒತ್ತೆಯನ್ನು ಅರಿತೇ ಇಡುತ್ತಾನೆ.

ಯಂತ್ರದ ಕಾಲುಗಳಿಗೆ ಎರಡೂ ಬದಿಗೆ ಒಂದೊಂದು ಅಡಿ ಚಾಚುವಂತೆ ದಪ್ಪ ಮರದ ದಿಮ್ಮಿಗಳನ್ನು ಬೋಲ್ಟು ಹಾಕಿ ಬಿಗಿದಿದ್ದರು. ಪೈಪನ್ನು ಕೈಯಿಂದ ತಳ್ಳಕೂಡದು, ಕೋಲಿನಿಂದಲೇ ತಳ್ಳಬೇಕೆಂದು ಮೇಸ್ತ್ರಿ ಮೊದಲೇ ಕಟ್ಟಪ್ಪಣೆ ಮಾಡಿದ್ದ. ಗೇಟಿನ ಹಳಿಯ ಬಳಿ ಒಂದು ಪೈಪು ಓರೆಯಾಯಿತು. ಯಂತ್ರ ಮೆಲ್ಲನೆ ಎಡಕ್ಕೆ ವಾಲಿತು. ತಂಡದ ಅತ್ಯಂತ ಎಳೆಯ ಹುಡುಗ, ಬೀಳುವ ಪಾತ್ರೆಯನ್ನು ಹಿಡಿಯಲು ಹೋಗುವಂತೆ, ಎರಡೂ ಕೈಗಳನ್ನು ಚಾಚಿದ. “ಕೈ ಬಿಡ್ರಿ! ಹಿಂದ ಸರೀರಿ!” ಎಂದು ಮೇಸ್ತ್ರಿ ಕೂಗಿದ. ಏಳು ಜನರಲ್ಲಿ ಕೈಯಲ್ಲಿ ಕೆಲಸವಿಲ್ಲದೆ ನೋಡುತ್ತ ನಿಂತವನು ಅವನೊಬ್ಬನೇ; ಉಳಿದವರ ದೃಷ್ಟಿ ತಮ್ಮ ತಮ್ಮ ಹಾರೆಯ ತುದಿಯಲ್ಲಿತ್ತು. ಹುಡುಗ ಹಿಂದಕ್ಕೆ ಹಾರಿದ. ದಿಮ್ಮಿಯ ಚಾಚು ನೆಲಕ್ಕೆ ತಾಗಿ ಯಂತ್ರ ಅಲ್ಲಿಯೇ ನಿಂತಿತು. ಬೀಳುವ ಯಂತ್ರವನ್ನು ಹಿಡಿಯಬಾರದೆಂಬುದು ಈ ವೃತ್ತಿಯ ಮೊದಲ ಪಾಠ. ಆದರೆ ಮನುಷ್ಯನ ಕೈ ಸಹಜವಾಗಿ ಅದಕ್ಕೆ ವಿರುದ್ಧವಾಗಿಯೇ ಚಾಚುತ್ತದೆ. ಅನಂತರ ಉಳಿದ ಇಪ್ಪತ್ತು ಅಡಿಗಳಿಗೆ ಎರಡು ಗಂಟೆ ಹಿಡಿಯಿತು. ಯಾರೂ ಅವಸರ ಮಾಡಲಿಲ್ಲ. ಅಳಿಯನೂ ಒಂದು ಕೋಲು ಹಿಡಿದು ನಿಂತಿದ್ದ.

ಯಂತ್ರವನ್ನು ಕೂರಿಸುವ ಕೆಲಸ ತಾಳ್ಮೆಯದು. ಕಟ್ಟಡದವರ ರಸಮಟ್ಟ ಇದಕ್ಕೆ ಸಾಲದು, ಮೀಟರಿಗೆ 0.02 ಮಿ.ಮೀ. ಏರಿಳಿತವನ್ನು ತೋರುವ ಮಟ್ಟವನ್ನು ಉದ್ಯಮಬಾಗದ ಪರಿಚಿತರಿಂದ ಎರವಲು ತಂದರು. ಬೆಡ್ಡು ಕೂದಲೆಳೆಯಷ್ಟು ತಿರುಚಿಕೊಂಡು ಕುಳಿತರೂ ಕಡೆದ ಸಲಾಕೆ ಒಂದು ತುದಿಗೆ ಸಣ್ಣದಾಗುತ್ತದೆ. ಮೋಟಾರಿಗಾಗಿ ಮೂರು ಫೇಸಿನ ಸಂಪರ್ಕ ಪಡೆದರು. ಮನೆಬಳಕೆಯ ದರದ ವಿದ್ಯುತ್ತಿನಿಂದ ಹಣ ಪಡೆದು ಕೆಲಸ ಮಾಡಿಕೊಡುವುದು ನಿಯಮಕ್ಕೆ ಹೊಂದದಾದುದರಿಂದ, ನೆರೆಯವರ ಬುಷ್ಷುಗಳಿಗೆ ಅವರು ಏನನ್ನೂ ಪಡೆಯುವುದಿಲ್ಲ. ರಾತ್ರಿ ಎಂಟರ ನಂತರ ಯಂತ್ರ ಓಡುವುದಿಲ್ಲ. ಪಕ್ಕದ ಮನೆಯಲ್ಲಿ ಪರೀಕ್ಷೆಗೆ ಓದುವ ಮಗುವಿದೆ.

ಯಂತ್ರದ ಕಾಲಿನ ಗೂಡನ್ನು ಒರೆಸುವಾಗ, ಎಣ್ಣೆಬಟ್ಟೆಯಲ್ಲಿ ಸುತ್ತಿದ ಒಂದು ಗಂಟು ಸಿಕ್ಕಿತು. ಅದರಲ್ಲಿ ಐದು ಗೇರುಗಳು, ಕೆಲವು ಉಳಿಗಳು, ಒಂದು ಹಳೆಯ ಮೈಕ್ರೋಮೀಟರು. ಗೇರುಗಳು ಯಂತ್ರದ ಅಂಗವೇ. ಉಳಿಗಳು ಮತ್ತು ಮೈಕ್ರೋಮೀಟರು ರಸೀದಿಯಲ್ಲಿ ಇರಲಿಲ್ಲ. ಅವರು ಹುಬ್ಬಳ್ಳಿಗೆ ಫೋನು ಮಾಡಿ ತಿಳಿಸಿದರು. ಉಳಿಗಳನ್ನು ಇಟ್ಟುಕೊಳ್ಳಿರೆಂದು ಆ ತಾಯಿ ಹೇಳಿದರು. ಮೈಕ್ರೋಮೀಟರಿನ ಮಾತು ಬಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಅದನ್ನು ಮನೆಯವರು ಅಂಗಿಯ ಜೇಬಿನಲ್ಲಿಯೇ ಇಟ್ಟುಕೊಂಡು ಓಡಾಡುತ್ತಿದ್ದರೆಂದೂ ಎಲ್ಲಿ ಹೋಯಿತೆಂದು ಹುಡುಕಿ ಬಿಟ್ಟಿದ್ದೆವೆಂದೂ ಹೇಳಿದರು. ಮರುದಿನ ಅದನ್ನು ಒರೆಸಿ, ಹೊಸ ಎಣ್ಣೆ ಹಚ್ಚಿ, ಬಸ್ಸಿನ ಪಾರ್ಸೆಲ್ಲಿನಲ್ಲಿ ಹುಬ್ಬಳ್ಳಿಗೆ ಕಳುಹಿಸಲಾಯಿತು.