ಜಿಲೇಬಿಯ ತವರುಮನೆ

ತರಗತಿಯಲ್ಲಿ ಅನ್ಯದೇಶ್ಯ ಶಬ್ದಗಳ ಪಾಠ ನಡೆದಿತ್ತು. ಕಾಗದ, ಬಜಾರು, ಜಮೀನುಗಳ ಸಾಲಿನಲ್ಲಿ 'ಜಿಲೇಬಿ'ಯನ್ನೂ ಬರೆದೆ. ಮೊದಲ ಮೂರನ್ನು ಮೌನವಾಗಿ ಒಪ್ಪಿದ ವಿದ್ಯಾರ್ಥಿಗಳು ನಾಲ್ಕನೆಯದಕ್ಕೆ ಬಂಡೆದ್ದರು. "ನಮ್ಮ ಮದುವೆಯ ಎಲೆಯಲ್ಲಿ ಬಡಿಸುವ ಭಕ್ಷ್ಯ ಪರಕೀಯವೆ, ಸಾರ್?" ಎಂದನೊಬ್ಬ. ಪ್ರಶ್ನೆ ವ್ಯಾಕರಣದ್ದಲ್ಲ, ಅಭಿಮಾನದ್ದು.

ಜಿಲೇಬಿಯ ತವರನ್ನು ಅರಸುವವರು ಇರಾನಿನ ಮಿಠಾಯಿ ಅಂಗಡಿಗೆ ಹೋಗಬೇಕು. ಅಲ್ಲಿ ಇದರ ಹೆಸರು 'ಜುಲ್ಬಿಯಾ', ಅರಬ್ಬಿಯಲ್ಲಿ 'ಜಲಾಬಿಯಾ'. ಹತ್ತನೆಯ ಶತಮಾನದ ಬಾಗ್ದಾದಿನಲ್ಲಿ ಇಬ್ನ್ ಸಯ್ಯಾರ್ ಅಲ್-ವರ್ರಾಕ್ ಬರೆದ ಪಾಕಗ್ರಂಥದಲ್ಲಿಯೇ ಅದರ ವಿಧಾನವುಂಟು. ಪಿಷ್ಟವನ್ನು ಮೊಸರಿನೊಡನೆ ಕಲಸಿ, ಕಾದ ಎಣ್ಣೆಯಲ್ಲಿ ಜಾಲರಿಯಂತೆ ಸುರುಳಿಯಿಟ್ಟು, ಗರಿಗರಿಯಾಗಿ ಕರಿದು, ಕೇಸರಿ ಮತ್ತು ಗುಲಾಬಿನ ಪಾಕದಲ್ಲಿ ಅದ್ದುತ್ತಾರೆ. ಪಾರಸಿಯಲ್ಲಿ 'ಗುಲ್' ಎಂದರೆ ಹೂವು, 'ಆಬ್' ಎಂದರೆ ನೀರು; 'ಗುಲಾಬ್' ಎಂದರೆ ಪನ್ನೀರು. ನಾವೋ ಹೂವನ್ನೇ ಗುಲಾಬಿ ಎಂದು ಕರೆದು ಸುಖವಾಗಿದ್ದೇವೆ!

ಜುಲ್ಬಿಯಾಕ್ಕೊಬ್ಬ ಅಗಲದ ಸಂಗಾತಿ 'ಬಾಮಿಯೆ'. ಆ ಪದಕ್ಕೆ ಬೆಂಡೆಕಾಯಿ ಎಂದರ್ಥ. ನೀರು, ಬೆಣ್ಣೆ, ಹಿಟ್ಟುಗಳನ್ನು ಒಲೆಯ ಮೇಲೆ ಮಗುಚಿ, ಆರಿದ ಮೇಲೆ ಮೊಟ್ಟೆ ಬೆರೆಸಿ, ನಕ್ಷತ್ರಾಕಾರದ ಬಿಲ್ಲೆಯಿಂದ ಒತ್ತಿ, ತುಂಡು ತುಂಡಾಗಿ ಎಣ್ಣೆಗೆ ಬಿಡುತ್ತಾರೆ. ಮೈಮೇಲೆ ಬೆಂಡೆಯಂತೆಯೇ ಏಣುಗಳು. ಸಂಪ್ರದಾಯಸ್ಥ ವಾಚಕರು ಎಚ್ಚರದಿಂದಿರಬೇಕು: ಹೆಸರಿನಲ್ಲಿ ತರಕಾರಿ, ಒಡಲಲ್ಲಿ ಮೊಟ್ಟೆ! ರಂಜಾನಿನ ಸಂಜೆ, ದಿನವೆಲ್ಲ ಉಪವಾಸವಿದ್ದವರ ಮುಂದೆ, ಚಹಾದ ಜೊತೆಗೆ ಈ ಜೋಡಿ ಬರುತ್ತದೆ. ಹಸಿದ ನಾಲಗೆಗೆ ಆ ಮೊದಲ ಸಿಹಿ ಎಷ್ಟು ಆಪ್ತವೆಂಬುದನ್ನು ಏಕಾದಶಿಯ ಮರುದಿನದ ಪಾರಣೆ ಬಲ್ಲವರಿಗೆ ವಿವರಿಸಬೇಕಾಗಿಲ್ಲ.

ಜುಲ್ಬಿಯಾ ನಮ್ಮ ನಾಡಿಗೆ ಬಂದುದು ಇಂದು ನಿನ್ನೆಯಲ್ಲ. ಸುಮಾರು 1450ರಲ್ಲಿ ಜಿನಸೂರನೆಂಬ ಜೈನ ಲೇಖಕ ರಚಿಸಿದ 'ಪ್ರಿಯಂಕರನೃಪಕಥಾ'ದ ಔತಣದಲ್ಲಿ ಜಿಲೇಬಿಯಿದೆ. ವಿದ್ವಾಂಸ ಪಿ. ಕೆ. ಗೋಡೆಯವರು 1943ರಲ್ಲಿ ಈ ಚರಿತ್ರೆಯನ್ನು ಶೋಧಿಸಿ ಬರೆದರು.

ಹಾಗಾದರೆ ಸಾಲವೆಲ್ಲ ನಮ್ಮದೇ ಏನು? 'ಸಕ್ಕರೆ'ಯನ್ನು ನೋಡಿ. ಸಂಸ್ಕೃತದ 'ಶರ್ಕರಾ' ಪ್ರಾಕೃತದ ಬಾಯಲ್ಲಿ ಮೃದುವಾಯಿತು. ಅದರ ಒಂದು ಕವಲು ಕನ್ನಡದಲ್ಲಿ ಸಕ್ಕರೆಯಾಯಿತು, ಇನ್ನೊಂದು ಪಾರಸೀಕ ದೇಶಕ್ಕೆ ಹೋಗಿ 'ಶೆಕರ್' ಆಯಿತು. ನಮ್ಮ ಕಡೆಯಿಂದ ಕೊಟ್ಟ ಹೆಣ್ಣು ಸಕ್ಕರೆ. ಆ ಕಡೆಯಿಂದ ತಂದ ಸೊಸೆ ಜಿಲೇಬಿ. ಇದು ಕೊಟ್ಟು ತಂದ ಬೀಗತನ.

ಐನೂರು ವರ್ಷ ನಮ್ಮ ದೇಶದ ಒಲೆಯ ಮುಂದೆ ಬೆಂದವಳನ್ನು ಇನ್ನೂ ಹೊರಗಿನವಳೆನ್ನುವುದು ಧರ್ಮವಲ್ಲ. ಅವಳಿಗೆ ತವರೇ ಇಲ್ಲವೆನ್ನುವುದೂ ಧರ್ಮವಲ್ಲ. ನಿಘಂಟಿನಲ್ಲಿ ತವರಿನ ಹೆಸರಿರಲಿ. ಎಲೆಯಲ್ಲಿ ಮನೆಯವಳ ಸ್ಥಾನವಿರಲಿ.